ಗೇಟಿನಲ್ಲಿ ನನ್ನ ಶಿಸ್ತು

ಇದನ್ನು ಹೇಳುವುದನ್ನು ಇಷ್ಟು ದಿನ ಮುಂದೂಡುತ್ತಲೇ ಬಂದೆ. ಬೇಲೆಕೇರಿ ಬಂದರಿನ ಕೆಲಸ ಹೋದ ಮೇಲೆ ವರ್ಷಗಟ್ಟಲೆ ಮನೆಯಲ್ಲೇ ಕೂತಿದ್ದ ನನಗೆ, ಕಾರವಾರದ ಉದ್ಯೋಗ ನೆರವು ಕೇಂದ್ರದ ಹುಡುಗಿಯೊಬ್ಬಳು ನಾಲ್ಕು ಜನರೆದುರು ಗಟ್ಟಿಯಾಗಿ ಮಾತಾಡುವುದನ್ನು ಕಲಿಸಿ, ಐಸ್ ಫ್ಯಾಕ್ಟರಿಯ ಗೇಟು ಕಾಯಲು ಸೇರಿಸಿದಳು. ನಾನೋ, ಮಾಲಕರೇ ಅಂಕೋಲೆಯ ನನ್ನ ಮನೆಗೆ ಕಾರು ತಂದು ಕರೆದರೆಂದು ಜೊತೆಯ ಕಾವಲುಗಾರನಿಗೆ ಹೇಳಿಕೊಂಡಿದ್ದೆ.

ವಾರ ಕಳೆದು ಅವಳು ನನ್ನನ್ನು ವಿಚಾರಿಸಲು ಬಂದಳು. ಜೊತೆಯವನು ಪಕ್ಕದಲ್ಲೇ ಇದ್ದ. ಸುಳ್ಳು ಬಯಲಾಗುವ ಭಯಕ್ಕೆ, "ಯಾರು ನೀವು? ಪಾಸಿಲ್ದೆ ಒಳಗೆ ಬಿಡೂಕಾಗೂದಿಲ್ಲ," ಎಂದೆ.

"ಪಾಪ, ಬಿಸ್ಲಲ್ಲಿ ನಿಂತದೆ ಮಾರಾಯಾ," ಎಂದ ಅವನು.

"ಗುರ್ತಿಲ್ದವ್ರು ನೆರಳಲ್ಲೂ ನಿಲ್ಲೂಕಿಲ್ಲ," ಎಂದೆ.

ಅವಳು ನಕ್ಕಳು. "ಅಡ್ಡಿಲ್ಲ ಮಾಮಾ, ದನಿ ಚಲೋ ಬರ್ತದೆ," ಎಂದು ಬಸ್ಸಿಗೆ ನಡೆದಳು.

ಸಂಜೆ ಜೊತೆಯವನಿಂದ ಇದನ್ನು ಕೇಳಿದ ಮಾಲಕರು ನನ್ನ ಶಿಸ್ತನ್ನು ಹೊಗಳಿ ಚಹಾ ಕೊಡಿಸಿದರು. ಕುಡಿದೆ. ಆ ಹುಡುಗಿಯ ಕ್ಷಮೆಯನ್ನು ಮಾತ್ರ ನಾನು ಇವತ್ತಿಗೂ ಕೇಳಿಲ್ಲ.