ಕಾಲು ಬದಲಿಸುತ್ತಿದ್ದ ಚಿಹ್ನೆ

ಓಲ್ಗೀನ್ ಊರಿನ ಹೆರಿಗೆ ಆಸ್ಪತ್ರೆಯ ಹಿಂದಿದ್ದ ರಿಪೇರಿ ಕೋಣೆಯಲ್ಲಿ ನೆರೈದಾ ಮಾಡುತ್ತಿದ್ದುದು ನೋಡುವವರಿಗೆ ಮಕ್ಕಳಾಟ. ಕಂಪ್ಯೂಟರಿನಲ್ಲಿ ಒಂದು ವೃತ್ತ ಬರೆಯುವುದು, ಅದಕ್ಕೆ ಕಾಲು ಜೋಡಿಸುವುದು, ಕಾಲಿಗೊಂದು ಅಂಕಿ ಕೊಡುವುದು. ಕ್ಯೂಬಾದಲ್ಲಿ ಹೊಸ ಬಿಡಿಭಾಗ ಬೇಕೆಂದರೆ ಆಕಾಶದಿಂದ ಉದುರುತ್ತದೆಯೇ? ಹಳೆಯ ರಷ್ಯನ್ ಟಿವಿಗಳ ಹೊಟ್ಟೆ ಬಗೆದು ತೆಗೆದದ್ದೇ ಗತಿ. ಅಂಥವುಗಳ ಪರಿಚಯ ಸರ್ಕ್ಯೂಟ್ ಬರೆಯುವ ಸಾಫ್ಟ್‌ವೇರಿಗೆ ಇಲ್ಲ. ಒಂದೊಂದಕ್ಕೂ ಚಿಹ್ನೆಯನ್ನು ಇವಳೇ ಬರೆಯಬೇಕು. ಅಂಕಿ ತಪ್ಪಿದರೆ ಬೋರ್ಡಿನ ತಾಮ್ರದ ಗೆರೆ ಭಾಗದ ಬೇರೆ ತಂತಿಕಾಲಿಗೆ ಹೋಗಿ ಭಾಗವೇ ಸುಟ್ಟುಹೋಗುತ್ತದೆ.

ಅದೇ ಕೋಣೆಯಲ್ಲಿ ಕೆಲಸ ಕಲಿಸಿದವನು ಗಂಡ ಬೆನಿಗ್ನೊ. ಮಹಾ ಸಿಡುಕ. ಆದರೂ ಅವಳ ತಪ್ಪನ್ನು ನಾಲ್ಕು ಜನರ ಮುಂದೆ ಎತ್ತಿ ಆಡಿದವನಲ್ಲ. ಅವಳಿಲ್ಲದಾಗ ತಿದ್ದಿಟ್ಟು ಸುಮ್ಮನಾಗುತ್ತಿದ್ದ. ಅವನು ಸತ್ತು ವರ್ಷ ಕಳೆದಿತ್ತು.

ಆಗಲೇ ತಿಂಗಳು ತುಂಬದೆ ಹುಟ್ಟಿದ ಹೆಣ್ಣುಕೂಸೊಂದನ್ನು ಬೆಚ್ಚಗಿಡುವ ಪೆಟ್ಟಿಗೆ ಕೆಟ್ಟಿತು. ಬೇರೆ ಪೆಟ್ಟಿಗೆ ಇರಲಿಲ್ಲ. ತಾಯಿ ಕೂಸನ್ನು ಎದೆಗೆ ಅವಚಿಕೊಂಡು ಕೂತಳು. ಪೆಟ್ಟಿಗೆಯ ಬೋರ್ಡಿಗೆ ಬೇಕಾದ ಟ್ರಾನ್ಸಿಸ್ಟರ್ ಉಳಿದಿದ್ದದ್ದು ಒಂದೇ ಒಂದು. ನೆರೈದಾ ಗೋಡೆಯ ಮೇಲೆ ಯಾರೋ ಅಂಟಿಸಿಟ್ಟಿದ್ದ, ಅದರ ಕಾಲುಗಳ ಹಳೆಯ ಚಿತ್ರ ನೋಡಿ ಚಿಹ್ನೆ ಬರೆದಿಟ್ಟಳು. ಅಷ್ಟರಲ್ಲಿ ಕರೆಂಟು ಹೋಯಿತು. ರಾತ್ರಿ ಇನ್ನು ಬರುವಂತಿರಲಿಲ್ಲ; ಬೀಗ ಹಾಕಿ ಮನೆಗೆ ನಡೆದಳು.

ಬೆಳಿಗ್ಗೆ ಅವಳ ಕಣ್ಣೆದುರೇ ಕರೆಂಟು ಬಂತು. ಪರದೆಯಲ್ಲಿ ನೋಡಿದರೆ ಒಂದನೇ ಕಾಲಿನ ಜಾಗದಲ್ಲಿ ಮೂರು, ಮೂರರ ಜಾಗದಲ್ಲಿ ಒಂದು.

"ಒಸ್ಮಾನಿ, ಇದನ್ನ ಮುಟ್ಟಿದ್ಯೇನೋ?" ಎಂದು ಜೊತೆಗಾರನನ್ನು ಕೇಳಿದಳು.

"ಕರೆಂಟೇ ಇಲ್ದೆ ನಾನೇನು ಊದಿ ಹಚ್ಲಾ ಅಕ್ಕಾ? ಬೀಗದಕೈ ಬೇರೆ ನಿನ್ ಹತ್ರಾನೇ ಇದೆ. ನಮ್ ಬೆನಿಗ್ನಣ್ಣನ್ನೇ ಕೇಳು, ಇನ್ನೂ ರಿಟೈರ್ ಆಗಿಲ್ವೇನೋ."

"ಬಾಯ್ಮುಚ್ಚೋ, ದರಿದ್ರದವ್ನೆ!"

ಕಾಲುಗಳನ್ನು ಮೊದಲಿನಂತೆ ಮಾಡಿದಳು. ಮತ್ತೆ ಕರೆಂಟು ಹೋಯಿತು. ಇಬ್ಬರೂ ಆ ಕಪ್ಪು ಪರದೆಯ ಮುಂದಿನಿಂದ ಏಳಲಿಲ್ಲ. ಕರೆಂಟು ಬಂದಾಗ ಕಾಲುಗಳು ಮತ್ತೆ ಅದಲುಬದಲು. ಈ ಸಲ ಒಸ್ಮಾನಿ ನಗಲಿಲ್ಲ. ಎದೆಯ ಮೇಲೆ ಶಿಲುಬೆ ಗುರುತು ಎಳೆದುಕೊಂಡ.

"ಅಕ್ಕಾ, ಕೂಸು ತಣ್ಣಗಾಗ್ತಿದೆಯಂತೆ. ಯಾವ್ದೋ ಒಂದನ್ನ ಗಟ್ಟಿ ಮಾಡು."

ನೆರೈದಾ ಟ್ರಾನ್ಸಿಸ್ಟರನ್ನು ಅಂಗೈಯಲ್ಲಿ ಕವುಚಿ ಹಾಕಿದಳು. ಆಗ ಹೊಳೆಯಿತು. ಆ ಕೋಣೆಯ ಹಳಬರು ಬೆಸುಗೆ ಹಾಕುತ್ತಿದ್ದುದು ಬೋರ್ಡಿನ ಕೆಳಗಿನಿಂದ; ಕಾಲು ಎಣಿಸುತ್ತಿದ್ದುದೂ ಕೆಳಗಿನಿಂದಲೇ. ಗೋಡೆಯ ಚಿತ್ರವೂ ಹಾಗೇ ಬರೆದದ್ದು. ಇವಳು ಅದನ್ನು ಮೇಲಿನಿಂದ ಕಂಡದ್ದೆಂದುಕೊಂಡಿದ್ದಳು; ಅದಕ್ಕೇ ಒಂದು, ಮೂರು ಎಡಬಲವಾಗಿದ್ದವು. ಕಾಲುಗಳಿಗೆ ಮೀಟರ್ ಹಿಡಿದು ನೋಡಿದಳು. ತಿದ್ದಿದವರು ಯಾರೋ, ಅವರದೇ ಸರಿ.

ಸಂಜೆಯೊಳಗೆ ಬೋರ್ಡು ಸಿದ್ಧವಾಯಿತು, ಪೆಟ್ಟಿಗೆ ಬೆಚ್ಚಗಾಯಿತು. ಒಳಗೆ ಮಲಗಿಸಿದ ಕೂಸು ಸ್ವಲ್ಪ ಹೊತ್ತಿಗೆ ಕೆಂಪೇರಿ ಕಿರ್ರೆಂದು ಅತ್ತಿತು. ನೆರೈದಾ ಅಲ್ಲೇ ಗೋಡೆಗೊರಗಿ ತಾನೂ ಅತ್ತಳು. ಕೂಸಿಗಾಗಿಯಷ್ಟೇ ಅಲ್ಲ. ವರ್ಷದಿಂದ ಬಿಗಿಹಿಡಿದಿದ್ದ ದುಃಖ ಅದು.

ಮರುದಿನ ಯಾರಿಗೂ ಬೇಡದ ಒಂದು ಭಾಗಕ್ಕೆ ಚಿಹ್ನೆ ಬರೆದಳು. ಬೇಕೆಂದೇ ಕಾಲುಗಳನ್ನು ತಪ್ಪಾಗಿ ಜೋಡಿಸಿದಳು. ಬೀಗ ಹಾಕಿದಳು. ಕರೆಂಟು ಹೋಗಿ ಊರೆಲ್ಲ ಕತ್ತಲಾಯಿತು. ಬೆಳಕು ಹರಿಯುತ್ತಲೇ ಕಾಫಿಯನ್ನೂ ಕುಡಿಯದೆ ಓಡಿಬಂದು, ಕರೆಂಟಿಗಾಗಿ ಕಾದು ಕೂತಳು.

ಪರದೆ ಬೆಳಗಿತು. ತಪ್ಪು, ಅವಳು ಇಟ್ಟಲ್ಲೇ ಇತ್ತು.

"ನನ್ಗೋಸ್ಕರ ಅಂದ್ರೆ ಬರಲ್ಲ, ಅಲ್ವಾ?" ಎಂದು ಇಲ್ಲದ ಗಂಡನನ್ನು ಕೇಳಿದಳು. ಆಮೇಲೆ ಕಾಲುಗಳನ್ನು ತಾನೇ ತಿದ್ದಿದಳು.