ಕುಡಿಯದವನು ಆರಿಸಿಕೊಟ್ಟ ವೈನು

ಬಸವಪ್ರಭುವನ್ನು ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂದಿತ್ತು. ಸಿಟ್ಟು ನನಗೆ ಹೊಸದೇನಲ್ಲ. ವಿಮಾ ಕಂಪನಿಯಲ್ಲಿ ಮೂವತ್ತೆರಡು ವರ್ಷ ಕ್ಲೇಮ್ ಫೈಲು ನೋಡಿದವನಿಗೆ ಎದುರಿನವರೆಲ್ಲ ಸುಳ್ಳು ಹೇಳುತ್ತಿದ್ದಾರೆಂದೇ ಅನಿಸುತ್ತದೆ. ನಿವೃತ್ತನಾದ ಮೇಲೆ ಡಾಕ್ಟರು ವಿಸ್ಕಿ ಬಿಡಿಸಿದರು, ನಾನು ವೈನು ಹಿಡಿದೆ. ಕುಡಿಯುವುದೇ ಆದರೆ ಫ್ರಾನ್ಸಿನ ಬೋರ್ಡೋ ಸೀಮೆಯದನ್ನೇ ಕುಡಿಯೋಣ, ಆದರೆ ಪಿಂಚಣಿಗೆ ಎಟುಕುವಂಥದ್ದು ಹುಡುಕೋಣ ಎಂದು ಜೀವನ್ ಬಿಮಾ ನಗರದಿಂದ ನಡೆದೇ ಇಂದಿರಾನಗರದ ಆ ದೊಡ್ಡ ಅಂಗಡಿಗೆ ಹೋದೆ. ಅಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡ, ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಒರೆಸಿದ ಬಾಟಲಿಗಳನ್ನೇ ಮತ್ತೆ ಒರೆಸುತ್ತ ನಿಂತಿದ್ದ.

"ಇದ್ರಲ್ಲಿ ಯಾವುದ್ರೀ ಚೆನ್ನಾಗಿರೋದು?" ಎಂದೆ.

"ನನಗ ಗೊತ್ತಿಲ್ರಿ ಸರ. ನಾ ಕುಡಿಯಂಗಿಲ್ಲ."

"ಮತ್ತೆ ಇಲ್ಲೇನ್ರೀ ಮಾಡ್ತಿದ್ದೀರಾ?"

ಅವನು ಬೇಸರಿಸಿಕೊಳ್ಳಲಿಲ್ಲ. ಕೆಳಗಿನ ಸಾಲಿನಿಂದ ಚಿತ್ರವೂ ಇಲ್ಲದ ಸಪ್ಪೆ ಲೇಬಲ್ಲಿನ ಬಾಟಲಿ ತೆಗೆದ. "ಇದು ಕಾಸ್ತಿಯೋಂ ಅಂತ್ರಿ. ಸೇಂತ್ ಎಮಿಲಿಯೋಂ ಅಂತ ದೊಡ್ಡ ಹೆಸರಿನ ಊರದ, ಅದರ ಬಾಜೂಕಿನ ಊರು. ದ್ರಾಕ್ಷಿ ಅವೇ, ಮಣ್ಣೂ ಹೆಚ್ಚುಕಮ್ಮಿ ಅದೇ. ಹೆಸರಿಲ್ಲ, ಅದಕ್ಕ ರೇಟ್ ಕಮ್ಮಿ. ಒಯ್ರಿ. ಊಟ ಮುಗಿದ ಮ್ಯಾಲ ಬಾಟಲ್ಯಾಗ ಎಷ್ಟು ಉಳೀತು, ಬಂದು ಹೇಳ್ರಿ."

ಹನಿಯೂ ಉಳಿಯಲಿಲ್ಲ. ನನ್ನ ಹೆಂಡತಿ ಸುಭದ್ರಮ್ಮ, ಬಾಟಲಿ ಕಂಡರೆ ಮುಖ ತಿರುಗಿಸುವವಳು, ಹೆಸರಿಲ್ಲದ ಊರಿನ ಕತೆ ಹೇಳಿದ್ದಕ್ಕೆ "ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಗಲ್ಲೀಲಿ ಅದೇ ಬಟ್ಟೆ ಕಮ್ಮಿಗೆ ಸಿಗಲ್ವಾ, ಹಂಗೇ ಬಿಡಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಮರುದಿನ ಹೋಗಿ ಏನೂ ಉಳಿಯಲಿಲ್ಲ ಎಂದಾಗ ಬಸವಪ್ರಭು ನನ್ನ ಮುಖವನ್ನೇ ನೋಡಿ, ನಿಜವೆಂದು ಖಾತ್ರಿಯಾದ ಮೇಲೆ ನಕ್ಕ.

ಆಮೇಲೆ ಅವನ ಕತೆ ಚೂರುಚೂರಾಗಿ ತಿಳಿಯಿತು. ಕಲಬುರಗಿಯಲ್ಲಿ ಅವನ ತಾಯಿ ಸಂಗಮ್ಮ ಖಾನಾವಳಿ ನಡೆಸುತ್ತಿದ್ದಳು. ಊಟ ಹೇಗಿತ್ತೆಂದು ಯಾರನ್ನೂ ಕೇಳುತ್ತಿರಲಿಲ್ಲ, ಕೇಳಿದರೆ ಜನ ದಾಕ್ಷಿಣ್ಯಕ್ಕೆ ಚೆನ್ನಾಗಿತ್ತು ಎನ್ನುತ್ತಾರಂತೆ. ಆಕೆ ನೋಡುತ್ತಿದ್ದದ್ದು ಎತ್ತಿದ ತಾಟುಗಳನ್ನು. ಎಣ್ಣೆಗಾಯಿ ಉಳಿದಿದ್ದರೆ ಮರುದಿನ ಮಸಾಲೆ ಬದಲಾಗುತ್ತಿತ್ತು. ತಾಯಿ ಹೋದ ಮೇಲೆ ಖಾನಾವಳಿಯೂ ಹೋಯಿತು. ಮಗ ಬೆಂಗಳೂರಿಗೆ ಬಂದು ಟಿನ್ ಫ್ಯಾಕ್ಟರಿಯ ಹತ್ತಿರ ಬಾಡಿಗೆ ಕೋಣೆ ಹಿಡಿದ. ಅಂಗಡಿಯಲ್ಲಿ ಡಬ್ಬ ಹೊರುವ ಕೆಲಸಕ್ಕೆ ಸೇರಿ, ಗಿರಾಕಿಗಳನ್ನು ಕೇಳಿ ಕೇಳಿ ಹನ್ನೊಂದು ವರ್ಷದಲ್ಲಿ ಬೋರ್ಡೋ ಸಾಲಿನ ಯಜಮಾನನೇ ಆಗಿಬಿಟ್ಟಿದ್ದ. ಬಂಗಾರದ ಅಕ್ಷರದ ಬಾಟಲಿ ಅರ್ಧ ಉಳಿಯುತ್ತದೆ, ಯಾರೂ ಕೇಳದ ಫ್ರೊನ್ಸಾಕ್ ಎಂಬ ಊರಿನ ಬಾಟಲಿ ತಳ ಕಾಣುತ್ತದೆ ಎಂಬುದು ಅವನಿಗೆ ಬಾಯಿಪಾಠ. ಕೊಟ್ಟ ಬಾಟಲಿಯ ಸುದ್ದಿ ಬರುವ ತನಕ ಮಾತ್ರ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಾಗಿಲಿಗೆ ಬರುವುದು, ರಸ್ತೆ ನೋಡುವುದು, ಒಳಗೆ ಹೋಗುವುದು.

ಹೋದ ವರ್ಷ ಮಾಲೀಕರ ಮಗ ಕಿರಣಕುಮಾರ ಅಂಗಡಿ ವಹಿಸಿಕೊಂಡ. ಒಳ್ಳೆಯ ಹುಡುಗನೇ, ಆದರೆ ವೈನಿನ ಕೋರ್ಸ್ ಮಾಡಿಕೊಂಡು ಬಂದಿದ್ದ. ಅಂಗಡಿಯೊಳಗೇ ವೈನಿಗೊಂದು ಪ್ರತ್ಯೇಕ ಕೋಣೆ ಕಟ್ಟಿಸಿ, ಅದರ ಮೇಜಿಗೆ ಬಸವಪ್ರಭುವೇ ಮುಖ್ಯಸ್ಥ ಎಂದ. ಆದರೆ ಭಾನುವಾರ ಮಧ್ಯಾಹ್ನ ಗಿರಾಕಿಗಳ ಎದುರು ಅವನು ಆರು ಬೋರ್ಡೋ ರುಚಿ ನೋಡಬೇಕು, ಇಲ್ಲವಾದರೆ ಕೆ.ಆರ್. ಪುರದ ಗೋಡೌನಿಗೆ ಹೋಗಬೇಕು. "ಕುಡಿಯದೆ ಇರೋರು ಹೇಳಿದ್ರೆ ಯಾರು ನಂಬ್ತಾರೆ ಅಂಕಲ್?" ಎಂದು ನನ್ನನ್ನೇ ಕೇಳಿದ. ನಾನೂ ಒಂದು ಕಾಲದಲ್ಲಿ ಅದನ್ನೇ ಕೇಳಿದ್ದೆನಲ್ಲ.

ಆ ಭಾನುವಾರ ಬಸವಪ್ರಭು ಬೆಳಗಿನಿಂದ ಅಂಗಡಿಯ ಎದುರು ಅತ್ತಿಂದಿತ್ತ ಓಡಾಡುತ್ತಿದ್ದ. ಕೈ ಮತ್ತೆ ಮತ್ತೆ ಅಂಗಿಯ ಮೇಲಿಂದ ಕೊರಳ ಲಿಂಗವನ್ನು ಮುಟ್ಟುತ್ತಿತ್ತು. ಕುಡಿಯುವುದಿಲ್ಲವೆಂದು ದೀಕ್ಷೆಯ ದಿನ ಮಾತು ಕೊಟ್ಟವನು.

"ಬೇಡ ಅಂದ್ರೆ ಬೇಡ ಅಂತ ಹೇಳ್ಬಿಡ್ರೀ," ಎಂದೆ.

"ಗೋಡೌನ್ಯಾಗ ಡಬ್ಬಿ ಅದಾವ ಸರ, ಮಂದಿ ಇಲ್ಲ. ಮಂದಿ ಇಲ್ಲಂದ್ರ ನಾ ಯಾರನ್ನ ಕೇಳ್ಲಿ?"

ಕುಡಿದ. ತಾನೇ ನೂರಾರು ಮನೆಗೆ ಕಳಿಸಿದ್ದ ಕಾಸ್ತಿಯೋಂ ಬಾಯಿಗಿಟ್ಟಾಗ ಹಸಿ ಬಾಳೆಕಾಯಿ ಕಚ್ಚಿದವನಂತೆ ಮುಖ ಕಿವುಚಿದ. ಐದನೆಯದು, ಗೊಂಚಲಿನ ಚಿತ್ರವಿದ್ದ ನಯವಾದ ಒಂದು ವೈನು, ಹಿಡಿಸಿತು. "ಇದು ಛಲೋ ಅದ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆ ಚಪ್ಪಾಳೆಗೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಮುಂದಿನ ಎರಡು ತಿಂಗಳು ಬಂದವರಿಗೆಲ್ಲ ಅವನು ಆ ಐದನೆಯದನ್ನೇ ಕೊಟ್ಟ. ಬಾಗಿಲಿಗೆ ಬಂದು ರಸ್ತೆ ನೋಡುವುದು ನಿಂತುಹೋಯಿತು. ಮಗಳು ಅಂಜಲಿಯ ಮಾವ, ನಮ್ಮ ಬೀಗರು, ಊಟಕ್ಕೆ ಬಂದ ದಿನ ನಾನೂ ಅದನ್ನೇ ಒಯ್ದೆ. ಬೀಗರು ಎರಡು ಗುಟುಕು ಕುಡಿದು ಲೋಟ ಪಕ್ಕಕ್ಕಿಟ್ಟು ನೀರು ಕೇಳಿದರು. ನನಗೂ ಸೇರಲಿಲ್ಲ. ಮರುದಿನವೇ ಅಂಗಡಿಗೆ ಹೋಗಿ ಅವನೆದುರು ನಿಂತೆ. ಅವನು ಎಷ್ಟು ಉಳೀತೆಂದು ಕೇಳದೆ ಬೇರೇನೇನೋ ಮಾತಾಡಿದ.

"ಮುಕ್ಕಾಲು ಬಾಟಲಿ ಉಳೀತು," ನಾನೇ ಅಂದೆ.

"ಇರ್ಲಿಕ್ಕಿಲ್ರಿ. ನಾನ ಕುಡಿದು ನೋಡೀನಲ್ಲ."

"ನೀವು ಕುಡಿದದ್ದು ನಿಮಗಾಯ್ತು. ನಮ್ಮನ್ನ ಕೇಳಿದ್ರೇನ್ರೀ?"

ಧ್ವನಿ ಜೋರಾಗಿಯೇ ಬಂದಿತ್ತು. ಅವನು ಅಲ್ಲಿದ್ದ ಡಬ್ಬದ ಮೇಲೆ ಕುಳಿತ. ಅವನು ಕುಳಿತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. "ಅವ್ವ ತನ್ನ ಖಾನಾವಳಿಯಾಗ ತಾ ಮೊದಲು ಉಣ್ತಿದ್ದಿಲ್ರಿ, ಮಂದಿ ತಾಟ ನೋಡ್ತಿದ್ಳು," ಎಂದು ಕಣ್ಣೊರೆಸಿಕೊಂಡ. "ಎಂದೂ ಮುಟ್ಟದಾಂವ ಮುಟ್ಟಿದೆ. ಮುಟ್ಟಿ ಇದ್ದದ್ದನ್ನೂ ಕಳಕೊಂಡೆ."

ಮುಂದಿನ ವಾರ ಹೋದರೆ ಮೇಜಿನ ಹಿಂದೆ ಬೇರೆ ಯಾರೋ ಇದ್ದರು. "ಅವರೇ ಗೋಡೌನ್ ಕೇಳಿ ಇಸ್ಕೊಂಡ್ರು ಅಂಕಲ್," ಎಂದ ಕಿರಣಕುಮಾರ. "ಇನ್ಮೇಲೆ ಬಾಯಿಗೆ ಹಾಕಲ್ಲ ಅಂತ ಒಂದೇ ಹಟ." ಮನೆಗೆ ಬಂದೆ. ಪೇಪರ್ ಹಿಡಿದರೆ ಓದಲಾಗದು, ಟಿವಿ ಹಾಕಿದರೆ ನೋಡಲಾಗದು. ಸುಭದ್ರಮ್ಮ ಏನಾಯಿತೆಂದು ಕೇಳಿ ಸಾಕಾಗಿ ಅಡುಗೆಮನೆಗೆ ಹೋದಳು.

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂತು.

"ಬಸವಪ್ರಭು ಮಾತಾಡ್ತೀನ್ರಿ. ಆ ವೈನು ಯಾರಾರಿಗೆ ಕೊಟ್ಟೀನಿ, ಎಲ್ಲಾರಿಗೂ ಫೋನ್ ಹಚ್ಚಿ ಕೇಳಾಕತ್ತೀನಿ. ಇಲ್ಲೀತನಕ ಮೂವತ್ತೊಂದು ಮಂದಿ. ಎಲ್ಲಾರೂ ಪೂರಾ ಖಾಲಿ ಆತು, ಮಸ್ತ್ ಇತ್ತು ಅಂತಾರ. ಫೋನಿನ್ಯಾಗ ಮುಖ ಕಾಣಂಗಿಲ್ರಿ ಸರ. ನೀವೂ ಅವತ್ತು ಸಿಟ್ಟಿಗೆ ಅಂದ್ರೋ, ಖರೇನ ಅಂದ್ರೋ? ಹ್ಯಾಂಗ ನಂಬ್ಲಿ?"

ನಾನು ಎದ್ದು ಚಪ್ಪಲಿ ಹುಡುಕತೊಡಗಿದೆ.

"ಗೋಡೌನು ಎಲ್ಲಿದೆ ಹೇಳ್ರೀ," ಎಂದೆ. "ಕೆ.ಆರ್. ಪುರದ ಯಾವ ಕಡೆ? ಬರ್ತಿದ್ದೀನಿ, ಮುಖ ನೋಡೇ ಕೇಳಿ."