ಆಯಾ ಮಿಸ್ ಕೇಳಿದ್ದು ಒಂದೇ ಪತ್ರ

ಬೆಳಗಿನ ಐದೂವರೆ. ಶಾಲೆಯ ಗೇಟಿನ ದೀಪ ಇನ್ನೂ ಆರಿಲ್ಲ. ಮಹಡಿಯ ಕೊನೆಯ ಕೋಣೆಯಿಂದ ಪೊರಕೆಯ ಸದ್ದಿನ ಜೊತೆ ಇಂಗ್ಲಿಷ್ ಕೇಳಿಸುತ್ತಿದೆ. ಬೆಂಚಿನ ಕೆಳಗಿನ ಪೆನ್ಸಿಲ್ ಸಿಪ್ಪೆ ಗುಡಿಸುತ್ತಲೇ ಆಯಾ ಮಿಸ್ ಖಾಲಿ ಬೆಂಚುಗಳಿಗೆ ಪ್ರಶ್ನೆ ಹಾಕುತ್ತಾರೆ, ಉತ್ತರಕ್ಕೆಂದು ತುಸು ಕಾಯುತ್ತಾರೆ, ತಲೆಯಾಡಿಸಿ ಮುಂದಿನ ಬೆಂಚಿಗೆ ಸರಿಯುತ್ತಾರೆ. ನಾಳೆ ಬೆಳಿಗ್ಗೆ ಆರಕ್ಕೆ ಮೊಬೈಲಿನಲ್ಲಿ ಸಂದರ್ಶನವಿದೆ. ಕೇಳುವವರು ಸಮುದ್ರದಾಚೆ ಇರುವ ಶಾಲೆಯವರು. ಅಲ್ಲಿಗೆ ಇಂಗ್ಲಿಷ್ ಕಲಿಸುವವರು ಬೇಕಾಗಿದ್ದಾರೆ.

"ಒಬ್ಬನಾದ್ರೂ ತಪ್ಪು ಉತ್ತರ ಹೇಳ್ತಾನೆ ಅಂದ್ಕೊಂಡೇ ಅಭ್ಯಾಸ ಮಾಡ್ತೀನಿ," ಎಂದು ತಮ್ಮ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ ಅವರು, ಪೊರಕೆಯನ್ನು ಬಾಗಿಲ ಹಿಂದೆ ನಿಲ್ಲಿಸುತ್ತ. "ಎಲ್ರೂ ಸರಿ ಹೇಳೋ ಕ್ಲಾಸು ನಾನಂತೂ ಕಂಡಿಲ್ಲ."

ಮಕ್ಕಳು ಅವರನ್ನು ಕರೆಯುವುದು ಆಯಾ ಮಿಸ್ ಎಂದು. ಎರಡೂ ನಿಜವೇ. ಒಂಬತ್ತು ಗಂಟೆಯೊಳಗೆ ಹನ್ನೊಂದು ಕೋಣೆ ಗುಡಿಸಿ, ನೀರಿನ ಡ್ರಮ್ಮು ತುಂಬಿಸಿ, ಶೌಚಾಲಯ ತೊಳೆಯುವವರು ಆಯಾ. ಒಂಬತ್ತಕ್ಕೆ ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಚ್ಚಿ, ಪಿನ್ನು ಹಾಕಿ, ಕೈ ಒರೆಸಿಕೊಂಡು ಸೀಮೆಸುಣ್ಣ ಹಿಡಿಯುವವರು ಮಿಸ್. ದಿನಕ್ಕೆ ಐದು ಪೀರಿಯಡ್ಡು, ವಾರಕ್ಕೆ ನೂರ ಎಂಬತ್ತು ನೋಟ್‌ಬುಕ್ಕು. ಇದು ಏಳನೇ ವರ್ಷ.

ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡು ಬಿ.ಎ. ಮಾಡಿದವರು. ಗಂಡ ತೀರಿಕೊಂಡ ವರ್ಷ ಸಿಕ್ಕಿದ್ದು ಈ ಆಯಾ ಕೆಲಸವೊಂದೇ. ಸೇರಿ ತಿಂಗಳಾಗಿರಲಿಲ್ಲ, ಟೀಚರಿಲ್ಲದ ಒಂದನೇ ತರಗತಿ ಸಂತೆಯಾಗಿತ್ತು. ಗಲಾಟೆ ನಿಲ್ಲಿಸಲೆಂದು ಒಳಹೊಕ್ಕವರು ಬೋರ್ಡಿನ ಮೇಲೆ ಅಕ್ಷರ ಬರೆಯುತ್ತ ನಿಂತುಬಿಟ್ಟರು. ಮುಖ್ಯೋಪಾಧ್ಯಾಯರು ಕಿಟಕಿಯಿಂದ ನೋಡಿದರು. ಮರುದಿನ ಜವಾನನ ಕೈಲಿ ಸೀಮೆಸುಣ್ಣದ ಡಬ್ಬಿ ಕಳಿಸಿದರು. ಟೀಚರಾಗಿ ಅವರ ನೇಮಕ ಎಂದರೆ ಅಷ್ಟೇ.

ಹಾಜರಿ ಪುಸ್ತಕದಲ್ಲಿ ಇಂಗ್ಲಿಷ್ ಶಿಕ್ಷಕಿ ಬೇರೆ. ಆಡಳಿತ ಮಂಡಳಿಯ ಅಧ್ಯಕ್ಷರ ಸೊಸೆ. ತಿಂಗಳ ಕೊನೆಯ ದಿನ ಬಂದು ಇಡೀ ತಿಂಗಳ ಸಹಿ ಹಾಕಿ ಹೋಗುತ್ತಿದ್ದವರು.

ಹೊರದೇಶದ ಶಾಲೆಗಳಿಗೆ ಆಯಾ ಮಿಸ್ ಇದುವರೆಗೆ ಮೂವತ್ತೊಂದು ಅರ್ಜಿ ಹಾಕಿದ್ದಾರೆ. ಎಲ್ಲ ಅರ್ಜಿಯಲ್ಲೂ ಅನುಭವದ ಖಾನೆಯೊಂದಿದೆ. ಎರಡು ವರ್ಷ ಸಾಕು ಎನ್ನುತ್ತದೆ ಅದು, ಆದರೆ ಶಾಲೆಯ ಪತ್ರ ಬೇಕು. ವಯಸ್ಸು ನಲವತ್ತು ತುಂಬಿರಬಾರದು. ಇವರಿಗೆ ಮುಂದಿನ ತಿಂಗಳು ನಲವತ್ತು ತುಂಬುತ್ತದೆ. ನಾಳೆಯದು ತಪ್ಪಿದರೆ ಇನ್ನೊಂದು ಇಲ್ಲ.

ಪತ್ರ ಕೇಳಲು ಅವರು ಮುಖ್ಯೋಪಾಧ್ಯಾಯರ ಬಳಿ ನಾಲ್ಕು ಸಲ ಹೋಗಿದ್ದಾರೆ. ಆ ಮನುಷ್ಯ ಕೆಟ್ಟವರಲ್ಲ, ಕುರ್ಚಿ ಹಾಕಿ ಕೂರಿಸಿಯೇ ಮಾತಾಡಿದರಂತೆ. ನೀವು ಪಾಠ ಮಾಡಿದಿರಿ ಎಂದು ಬರೆದರೆ, ಇಷ್ಟು ವರ್ಷ ಸಹಿ ಹಾಕಿದ್ದು ಯಾರು ಎಂಬ ಪ್ರಶ್ನೆ ಬರುತ್ತದೆ. ನನ್ನ ನಿವೃತ್ತಿಗೆ ಎಂಟೇ ತಿಂಗಳು ಉಳಿದಿದೆ, ಎಂದರಂತೆ.

ಬಸ್‌ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಯಾವುದೋ ಶಾಲೆಯ ನಕಲಿ ಅನುಭವದ ಪತ್ರ ಮೊಹರಿನ ಸಮೇತ ಹತ್ತು ನಿಮಿಷದಲ್ಲಿ ಸಿಗುತ್ತದೆ. ಇವರ ತಂಗಿ ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುವವಳು; ಅಕ್ಕ ತಂಗಿ ಇಬ್ಬರದೂ ಎರಡು ಕೋಣೆಯ ಸಂಸಾರ. ಆ ಅಂಗಡಿಗೆ ಹೋಗೆಂದು ಅವಳು ಗೋಗರೆದದ್ದೂ ಆಯಿತು, ಮುನಿಸಿಕೊಂಡದ್ದೂ ಆಯಿತು. ಅಕ್ಕ ಒಪ್ಪಲಿಲ್ಲ.

"ಅದ್ರಲ್ಲಿ ಇನ್ಯಾವುದೋ ಶಾಲೆ ಹೆಸರಿರುತ್ತೆ," ಎನ್ನುತ್ತಾರೆ ಅವರು. "ನಾನು ಪಾಠ ಮಾಡಿದ್ದು ಇಲ್ಲಿ. ನಿಜಾನೇ ಕೈಲಿರುವಾಗ ಸುಳ್ಳನ್ನ ಯಾಕೆ ಕೊಂಡ್ಕೊಳ್ಳಲಿ?"

ಕಳೆದ ವರ್ಷದ ಒಂದು ಮಧ್ಯಾಹ್ನದ ವಿಷಯವನ್ನು ಅವರು ತಾವಾಗಿ ಹೇಳುವುದಿಲ್ಲ. ಹೇಳಿದ್ದು ತಂಗಿ. ಅಧ್ಯಕ್ಷರ ಸೊಸೆಯೂ ಹೊರದೇಶದ ಕೆಲಸಕ್ಕೆ ಅರ್ಜಿ ಹಾಕಿದ್ದರು. ಪಾಠ ಮಾಡುವ ವಿಡಿಯೋ ಬೇಕೆಂದು ಕ್ಯಾಮೆರಾದವನನ್ನು ಕರೆದುಕೊಂಡು ಬಂದರು. ಆರನೇ ತರಗತಿಯವರನ್ನು ಕೂರಿಸಿ ಪ್ರಶ್ನೆ ಕೇಳಿದರೆ, ಮಕ್ಕಳೆಲ್ಲ ಬಾಗಿಲ ಕಡೆ ತಿರುಗಿ ಉತ್ತರ ಹೇಳುತ್ತಿದ್ದಾರೆ. ಬಾಗಿಲಲ್ಲಿ ನಿಂತಿದ್ದವರು ಆಯಾ ಮಿಸ್. ಮೂರು ಸಲ ತೆಗೆದರೂ ಇದೇ ಗತಿ. ಕೊನೆಗೆ ಕ್ಯಾಮೆರಾದವನೇ ಉಪಾಯ ಹುಡುಕಿದ. ಆಯಾ ಮಿಸ್ಸನ್ನು ಕ್ಯಾಮೆರಾದ ಕಾಲಿನ ಬುಡದಲ್ಲಿ ನೆಲದ ಮೇಲೆ ಕೂರಿಸಿದ. ಮಕ್ಕಳ ಕಣ್ಣು ತಾನಾಗಿ ಕ್ಯಾಮೆರಾದ ಕಡೆ ನೆಟ್ಟಿತು. ಮಕ್ಕಳಲ್ಲಿ ಎಂಥ ಆತ್ಮವಿಶ್ವಾಸ ಎಂದು ಆ ಹೊರದೇಶದ ಶಾಲೆಯವರು ಮೆಚ್ಚಿಕೊಂಡರಂತೆ. ಆರು ವರ್ಷದ ಅನುಭವದ ಪತ್ರ ಹಿಡಿದು ಸೊಸೆ ವಿಮಾನ ಹತ್ತಿದರು. ಆ ಪತ್ರಕ್ಕೂ ಮುಖ್ಯೋಪಾಧ್ಯಾಯರದೇ ಸಹಿ.

"ಕಡೆದವಳು ನಮ್ಮಕ್ಕ, ಬೆಣ್ಣೆ ತಿಂದೋರು ಅವರು," ಎಂದು ತಂಗಿ ಇಸ್ತ್ರಿ ಪೆಟ್ಟಿಗೆಯನ್ನು ಕಾಲರಿನ ಮೇಲೆ ಒತ್ತುತ್ತಾಳೆ. "ಇವಳನ್ನ ಕೇಳಿ ನೋಡಿ, ಅವತ್ತು ಮಕ್ಕಳು ಚೆನ್ನಾಗಿ ಉತ್ತರ ಹೇಳಿದ್ರು ಅಂತ ಖುಷಿ ಪಡ್ತಾಳೆ."

ಮರುದಿನ, ಶುಕ್ರವಾರ ಬೆಳಿಗ್ಗೆ ಆರು. ಅದೇ ಕೋಣೆ. ಸಿಗ್ನಲ್ ಕಿಟಕಿಯ ಪಕ್ಕ ಮಾತ್ರ ಸಿಗುವುದರಿಂದ ಮೇಜನ್ನು ಅಲ್ಲಿಗೆ ಎಳೆದುಕೊಂಡಿದ್ದಾರೆ. ತಂಗಿ ಇಸ್ತ್ರಿ ಮಾಡಿಕೊಟ್ಟ ಸೀರೆಯ ಮಡಿಕೆ ಮುರಿಯದ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ. ಪರದೆಯ ಮೇಲೆ ಇಬ್ಬರು ಮೂಡಿ, ಪಾಠ ಮಾಡಿ ತೋರಿಸಿ ಎನ್ನುತ್ತಾರೆ. ಒಬ್ಬರು ಬೇಕೆಂದೇ ದಡ್ಡ ಹುಡುಗನ ಹಾಗೆ ತಪ್ಪು ಉತ್ತರ ಕೊಡುತ್ತಾರೆ. ಆಯಾ ಮಿಸ್ ಅವರನ್ನು ತಿದ್ದುವುದಿಲ್ಲ; ಇನ್ನೊಂದು ಚಿಕ್ಕ ಪ್ರಶ್ನೆ ಕೇಳಿ, ತಪ್ಪು ಅವರ ಕಣ್ಣಿಗೇ ಬೀಳುವಂತೆ ಮಾಡುತ್ತಾರೆ. ಇಬ್ಬರೂ ನಗುತ್ತಾರೆ. ಹದಿನೈದು ನಿಮಿಷ ಹೀಗೇ ಸರಾಗವಾಗಿ ಸಾಗುತ್ತದೆ. ಗೋಡೆಗೆ ಒರಗಿ ನಿಂತು ನಾನೂ ನೋಡುತ್ತಿದ್ದೇನೆ.

ಆಮೇಲೆ ಪತ್ರ ಕೇಳುತ್ತಾರೆ. ಮುಖ್ಯೋಪಾಧ್ಯಾಯರು ಕೊನೆಗೂ ಒಂದು ಪತ್ರ ಕೊಟ್ಟಿದ್ದಾರೆ. ಅದನ್ನು ಆಯಾ ಮಿಸ್ ತಮ್ಮ ಸ್ಪಷ್ಟ ಇಂಗ್ಲಿಷಿನಲ್ಲಿ, ಒಂದು ಪದವನ್ನೂ ಬಿಡದೆ ಓದಿ ಹೇಳುತ್ತಾರೆ. ಇವರು ನಮ್ಮ ಶಾಲೆಯ ಸಹಾಯಕಿ, ಪ್ರಾಮಾಣಿಕರು, ಕೋಣೆಗಳನ್ನು ಶುಚಿಯಾಗಿ ಇಡುತ್ತಾರೆ ಎಂದಷ್ಟೇ ಅದರಲ್ಲಿದೆ. ಪಾಠ ನಾನೇ ಮಾಡಿದ್ದೇನೆ ಎಂದೂ ಸೇರಿಸುತ್ತಾರೆ. ಆಚೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಿಮ್ಮ ಪಾಠ ನಮಗೆ ಹಿಡಿಸಿತು, ಆದರೆ ನಿಯಮ ನಿಯಮವೇ, ಎರಡು ವರ್ಷ ಅನುಭವ ಆದ ಮೇಲೆ ಖಂಡಿತ ಬನ್ನಿ, ಎಂದು ನಯವಾಗಿ ಹೇಳುತ್ತಾರೆ. ಪರದೆ ಕಪ್ಪಾಗುತ್ತದೆ.

ಆಯಾ ಮಿಸ್ ಎದ್ದು ಮೇಜನ್ನು ಜಾಗಕ್ಕೆ ಎಳೆದು, ಇಸ್ತ್ರಿಯ ಸೀರೆ ಬದಲಿಸಿ, ಬಕೆಟ್ಟು ಹಿಡಿದು ಶೌಚಾಲಯದ ಕಡೆ ನಡೆಯುತ್ತಾರೆ. ಇವತ್ತು ಕೆಲಸ ತಡವಾಗಿದೆ.

ಒಂಬತ್ತಕ್ಕೆ ಏಳನೇ ತರಗತಿ. ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದಾರೆ. ಬೆಂಚುಗಳ ನಡುವೆ ಓಡಾಡುತ್ತಿದ್ದ ಆಯಾ ಮಿಸ್ ನನ್ನ ಬಳಿ ಬಂದು ನಿಲ್ಲುತ್ತಾರೆ. ಕೈಯಲ್ಲಿ ಇನ್ನೂ ಫಿನಾಯಿಲಿನ ವಾಸನೆ ಇದೆ.

"ಇವರೆಲ್ಲ ಒಂದನೇ ಕ್ಲಾಸಲ್ಲಿ ಮೊದಲ ಅಕ್ಷರ ಬರೆದಾಗ ಪೆನ್ಸಿಲ್ ಹಿಡಿಸಿದ್ದು ನಾನು," ಎನ್ನುತ್ತಾರೆ, ಮಕ್ಕಳಿಗೆ ಕೇಳಿಸದ ಹಾಗೆ. "ಅದನ್ನ ಯಾರ ಹೆಸರಿಗಾದ್ರೂ ಬರ್ಕೊಳ್ಳಲಿ ಬಿಡಿ. ಕೈ ನಂದೇ."